ಕಡೆಯ ಪಂಕ್ತಿ

ಸಮಾಧಿಗಳಿಗೆ ಹೂವಿಡುವ ಭಾನುವಾರ ಹತ್ತಿರ ಬಂತೆಂದರೆ ಲವೀನಿಯಾಳ ಮನೆಯ ಒಲೆ ಗುರುವಾರದಿಂದಲೇ ಆರುತ್ತಿರಲಿಲ್ಲ. ಲಾರಲ್ ಕೊಳ್ಳದ ಸ್ಮಶಾನ ಇದ್ದದ್ದು ಅವಳ ಮನೆಯ ಹಿಂದಿನ ಗುಡ್ಡದ ಮೇಲೆ. ವರ್ಷಕ್ಕೊಮ್ಮೆ, ಜೂನ್ ತಿಂಗಳ ಎರಡನೆಯ ಭಾನುವಾರ, ಕೊಳ್ಳದಲ್ಲಿ ಉಳಿದವರೂ ಕೊಳ್ಳ ಬಿಟ್ಟು ಹೋದವರೂ ಒಟ್ಟಿಗೆ ಗುಡ್ಡ ಹತ್ತುತ್ತಿದ್ದರು. ಕಳೆ ಕಿತ್ತು, ತಮ್ಮ ತಮ್ಮವರ ಸಮಾಧಿಕಲ್ಲಿನ ಮುಂದೆ ಕಾಗದದ ಹೂ ನೆಟ್ಟು, ಪಾದ್ರಿಗಳ ಪ್ರಸಂಗ ಕೇಳಿ, ಹಾಡು ಹೇಳಿ, ಹಸಿದ ಹೊಟ್ಟೆಯಲ್ಲಿ ಕೆಳಗಿಳಿಯುತ್ತಿದ್ದರು. ಇಳಿದವರಿಗೆಲ್ಲ ಊಟ ಲವೀನಿಯಾಳ ಮನೆಯಲ್ಲಿ. ಅದು ಅವಳ ಅತ್ತೆಯ ಕಾಲದಿಂದ ನಡೆದುಬಂದದ್ದು. ಅತ್ತೆ ತೀರಿಕೊಂಡ ಮೇಲೆ ಮೂವತ್ತೊಂದು ವರ್ಷ ಅವಳೇ ನಡೆಸಿದ್ದಳು.

ಮೇಜಿಗೆ ಕೂರುವವರು ಹದಿನಾಲ್ಕು ಜನ, ಬರುವವರು ನಲವತ್ತು. ಹಾಗಾಗಿ ಊಟ ಪಂಕ್ತಿ ಪಂಕ್ತಿಯಾಗಿ ಆಗಬೇಕು. ಮೊದಲ ಪಂಕ್ತಿ ಪಾದ್ರಿಗಳದು, ಸಭೆಯ ಹಿರಿಯರದು, ಉಳಿದ ಗಂಡಸರದು. ಆಮೇಲೆ ಹೆಂಗಸರು. ಕಡೆಯ ಪಂಕ್ತಿ ಮಕ್ಕಳದು. ಒಂದು ಪಂಕ್ತಿ ಎದ್ದು ಇನ್ನೊಂದು ಕೂರುವ ನಡುವೆ ತಟ್ಟೆಗಳನ್ನು ತೊಳೆದು ತರುವರು. ಆದರೆ ಅಡಿಗೆಯ ಬಟ್ಟಲುಗಳನ್ನು ಮಾತ್ರ ಮೇಜಿನಿಂದ ಎತ್ತುವಂತಿಲ್ಲ. ನೊಣ ಕೂರದ ಹಾಗೆ ಮೇಲೊಂದು ಬಿಳಿಯ ಹೊದಿಕೆ ಹಾಸಿಬಿಡುವುದು, ಅಷ್ಟೆ. ಅಂಗಳದಲ್ಲಿ ಒಬ್ಬ ಅತಿಥಿ ಇರುವ ತನಕ ಬಟ್ಟಲನ್ನು ಒಳಗೆ ಒಯ್ದರೆ, ಮನೆಯವಳು ಬಂದವರ ತುತ್ತು ಎಣಿಸುತ್ತಿದ್ದಾಳೆ ಎಂದು ಆ ಕಡೆಯವರ ಲೆಕ್ಕ. ಇಡೀ ಟೆನೆಸಿ ಬೆಟ್ಟಸೀಮೆಯಲ್ಲಿ ಲವೀನಿಯಾಳ ಮೇಜಿಗೆ ಅಂಥ ಹೆಸರು ಒಮ್ಮೆಯೂ ಬಂದಿರಲಿಲ್ಲ.

ಮಕ್ಕಳ ಪಂಕ್ತಿ ಕಡೆಯದು ಎಂದೆನೆಂದು ಅವಳನ್ನು ಕಲ್ಲೆದೆಯವಳು ಎಂದುಕೊಳ್ಳಬೇಡಿ. ಕೊಳ್ಳದಲ್ಲಿ ಯಾರ ಮನೆಯಲ್ಲಿ ಹಸು ಬತ್ತಿದರೂ ಮೊದಲು ಹಾಲು ಹೋಗುತ್ತಿದ್ದದ್ದು ಅವಳ ಕೊಟ್ಟಿಗೆಯಿಂದ. ಮೊಮ್ಮಕ್ಕಳೆಂದರೆ ಪ್ರಾಣ, ಮಗ ಆರ್ಲಿಸನ ಕಿರಿಯ ಮಗಳು, ಮೂರು ವರ್ಷದ ರೂತಿಯೆಂದರೆ ಇನ್ನೂ ಒಂದು ತೂಕ ಹೆಚ್ಚು. ಆದರೆ ಮನೆಗೆ ಬಂದವರ ಮುಂದೆ ಮಕ್ಕಳನ್ನು ಮುದ್ದು ಮಾಡುವುದು ಅವಳ ಕಣ್ಣಿಗೆ ಕೆಟ್ಟ ನಡತೆ. ಮಕ್ಕಳು ಮನೆಯವರು, ಅವರಿಗೇನು ಅವಸರ ಎಂದು ಅವಳು ನಿಜವಾಗಿಯೇ ನಂಬಿದ್ದಳು.

ಆ ವರ್ಷ ಶನಿವಾರ ಮಧ್ಯಾಹ್ನ ಅಡಿಗೆಮನೆಯಲ್ಲಿ ಲವೀನಿಯಾ ಕೋಳಿ ತುಂಡು ಮಾಡುತ್ತಿದ್ದಳು, ಹೊಳೆಯಾಚೆಯ ಮಗನ ಮನೆಯಿಂದ ನೆರವಿಗೆ ಬಂದಿದ್ದ ಸೊಸೆ ಕೋರಾ ಕಸ್ಟರ್ಡಿಗೆ ಮೊಟ್ಟೆ ಒಡೆಯುತ್ತಿದ್ದಳು. ಕೋರಾ ಗಿರಣಿ ಪಟ್ಟಣದಿಂದ ಬಂದವಳು. ಮದುವೆಗೆ ಮುಂಚೆ ಅಲ್ಲಿನ ಶಾಲೆಯಲ್ಲಿ ಮಕ್ಕಳಿಗೆ ಮಧ್ಯಾಹ್ನದ ಊಟ ಬಡಿಸುವ ಕೆಲಸ ಮಾಡಿದ್ದಳು. ಒಂದೊಂದು ಮೊಟ್ಟೆಯನ್ನೂ ಬೇರೆ ಬಟ್ಟಲಿಗೆ ಒಡೆದು, ಮೂಸಿ ನೋಡಿ, ಆಮೇಲೆ ಹಾಲಿಗೆ ಹಾಕುತ್ತಿದ್ದಳು.

"ಅತ್ತೆ, ಒಂದು ಮಾತು ಹೇಳ್ಲಾ? ಬೈಬಾರ್ದು."

"ಬೈಯೋ ಮಾತಾದ್ರೆ ಬೈತೀನಿ. ಹೇಳು."

"ನಾಳೆ ಮಕ್ಕಳಿಗೆ ಮೊದ್ಲೇ ಒಂದೊಂದು ತಟ್ಟೆ ಹಾಕಿ ಕೊಟ್ಬಿಡೋಣ. ಇರೋದು ಹನ್ನೊಂದು ಮಕ್ಕಳು. ಹಿತ್ತಲ ಕಟ್ಟೆ ಮೇಲೆ ಕೂತು ತಿಂತಾವೆ, ನಿಮ್ಮ ಮೇಜಿನ ತಂಟೆಗೇ ಬರಲ್ಲ."

ಲವೀನಿಯಾ ಕತ್ತಿ ಕೆಳಗಿಟ್ಟಳು. "ಪಾದ್ರಿಗಳು ಕೂರೋಕೆ ಮುಂಚೆ?"

"ಮುಂಚೆನೇ. ಪ್ರಾರ್ಥನೆ ನಾನೇ ಹೇಳಿಸ್ತೀನಿ."

"ನೀನು! ಇನ್ನೇನಪ್ಪ, ಪ್ರಸಂಗಾನೂ ನೀನೇ ಮಾಡ್ಬಿಡು, ಟಿಪ್ಟನ್ ಅಯ್ಯನವ್ರು ಮನೇಲೇ ಮಲಗ್ಲಿ. ಅಲ್ಲ ಕಣೇ, ಮಕ್ಕಳು ಕೈ ಹಾಕಿ ಕೆದಕಿದ ಬಟ್ಟಲನ್ನ ದೇವರ ಸೇವಕರ ಮುಂದೆ ಇಡ್ಲಾ ನಾನು?"

"ಕೆದಕಲ್ಲ ಅತ್ತೆ, ನಾನು ತೆಗೆದು ಬಡಿಸ್ತೀನಿ. ಬೆಳಗ್ಗೆ ಆರು ಗಂಟೆಗೆ ಗಂಜಿ ಕುಡಿದು ಗುಡ್ಡ ಹತ್ತಿದ್ರೆ ಅವಕ್ಕೆ ಮತ್ತೆ ತುತ್ತು ಸಿಗೋದು ನಾಲ್ಕು ಗಂಟೆಗೆ. ಹೋದ್ ವರ್ಷ ನಮ್ಮ ದೊಡ್ಡೋಳು ಐಡಾ ಬವಳಿ ಬಂದು ಬೇಲಿ ಹತ್ರ ಕೂತ್ಬಿಟ್ಟಿದ್ಲು. ರೂತಿಗಿನ್ನೂ ಮೂರು ವರ್ಷ. ದೊಡ್ಡೋರು ಒಂದೆರಡು ಗಂಟೆ ತಡೀತಾರೆ. ಅವ್ರ ಹೊಟ್ಟೆ ದೊಡ್ಡದು, ತುಂಬಿಸ್ಕೊಂಡಿದ್ದು ಇರತ್ತೆ. ಚಿಕ್ಕ ಹೊಟ್ಟೆಗೆ ಅಷ್ಟು ತಡೆಯೋ ಶಕ್ತಿ ಎಲ್ಲಿದೆ?"

"ನಾವೆಲ್ಲ ಹಾಗೇ ಬೆಳೆದಿದ್ದು. ನಿನ್ನ ಗಂಡನೂ ಹಾಗೇ ಬೆಳೆದಿದ್ದು, ಈಗ ನೋಡು, ಬಾಗಿಲು ತುಂಬ ಇದ್ದಾನೆ. ಕಾಯೋದು ಕಲೀಬೇಕು ಮಕ್ಕಳು. ಇಲ್ಲಿ ಕಾಯದೇ ಇದ್ದೋರು ನಾಳೆ ದೇವ್ರಿಗೂ ಕಾಯಲ್ಲ."

"ದೇವ್ರು ಹಸಿದ ಮಕ್ಕಳನ್ನ ಕಾಯಿಸ್ತಾನಾ ಅತ್ತೆ?"

"ಮಾತಿಗೆ ಮಾತು ಬೇಡ ಕೋರಾ. ಈ ಮನೇಲಿ ನಾನು ಇರೋವರೆಗೆ ಮೊದಲ ತಟ್ಟೆ ಪಾದ್ರಿಗಳದ್ದು. ನಿನ್ನ ಕಾಲ ಬಂದಾಗ ಕೋಳಿಮರಿಗಳನ್ನೂ ಮೇಜಿಗೆ ಕೂರಿಸ್ಕೋ."

ಕೋರಾ ಕಸ್ಟರ್ಡ್ ಕಾಯಿಸಿ ನಾಲ್ಕು ಬಟ್ಟಲಿಗೆ ಸುರಿದು, ತೋಟದಾಚೆ ಒರತೆಯ ಮೇಲೆ ಕಟ್ಟಿದ ಕಲ್ಲಿನ ಗೂಡಿಗೆ ಒಯ್ದು ತಣ್ಣೀರಿನಲ್ಲಿ ಇಟ್ಟುಬಂದಳು. ಆ ಗೂಡಿನಲ್ಲಿ ಹಾಲು, ಬೆಣ್ಣೆ ಎರಡು ಮೂರು ದಿನ ಕೆಡದೆ ನಿಲ್ಲುತ್ತಿತ್ತು.

ಭಾನುವಾರ ಬೆಳಗ್ಗೆಯಿಂದಲೇ ಬಿಸಿಲು ಚುರುಗುಟ್ಟುತ್ತಿತ್ತು. ಗುಡ್ಡದ ಮೇಲೆ ಟಿಪ್ಟನ್ ಪಾದ್ರಿಗಳ ಪ್ರಸಂಗ ಮುಗಿಯುವಷ್ಟರಲ್ಲಿ ಹನ್ನೆರಡೂವರೆ. ಒಂದು ಗಂಟೆಗೆ ಮೊದಲ ಪಂಕ್ತಿ ಕೂತಿತು. ಪಾದ್ರಿಗಳು ಒಳ್ಳೆಯ ಮನುಷ್ಯರು, ಊಟಪ್ರಿಯರು. ಉಂಡರೆ ಹೊಗಳುತ್ತಿದ್ದರು, ಹೊಗಳಿದರೆ ಇನ್ನಷ್ಟು ಉಣ್ಣುತ್ತಿದ್ದರು. ಕರಿದ ಕೋಳಿ, ಹೊಗೆಯಾಡಿಸಿದ ಹಂದಿಮಾಂಸ, ಕೊಬ್ಬು ಹಾಕಿ ಬೇಯಿಸಿದ ಹುರುಳಿಕಾಯಿ, ಮೊಟ್ಟೆ ಬೆರೆಸಿದ ಆಲೂಗೆಡ್ಡೆ, ಸೇಬಿನ ಕೇಕು, ತಣ್ಣಗಿನ ಕಸ್ಟರ್ಡ್. ಒಂದೊಂದು ಬಟ್ಟಲಿಗೂ ಒಂದೊಂದು ಕಥೆ ಹೇಳಿದರು. ಹಿಂದೆ ಯಾವ ಊರಿನಲ್ಲಿ ಎಷ್ಟು ಜನರಿಗೆ ಹೊಳೆಯಲ್ಲಿ ದೀಕ್ಷಾಸ್ನಾನ ಕೊಟ್ಟೆ, ಅಲ್ಲಿ ಯಾರ ಮನೆಯಲ್ಲಿ ಏನು ಉಂಡೆ ಎಂಬುದು ಅವರಿಗೆ ನೆನಪಿತ್ತು.

ಮಕ್ಕಳು ಕಿಟಕಿಗೆ ಮೂಗು ಒತ್ತಿ ನಿಂತಿದ್ದರು. ಲವೀನಿಯಾಳ ಮೈದುನ ಹೋಬರ್ಟ್ ಕೋಳಿಕಾಲು ಎತ್ತಿ ಹಿಡಿದು, "ಅತ್ತಿಗೆ, ಆ ಕಿಟಕಿ ಪರದೆ ಎಳೀರಿ. ನಾನು ಬಾಯಿಗೆ ಹಾಕೋಕೆ ಮುಂಚೆ ಯಾರೋ ಕಣ್ಣಲ್ಲೇ ತಿಂದ್ಬಿಡ್ತಿದ್ದಾರೆ" ಎಂದ. ಎಲ್ಲರೂ ನಕ್ಕರು. ಲವೀನಿಯಾಳೂ ನಕ್ಕು, ಹೋಗಿ ಪರದೆ ಎಳೆದಳು.

ಎರಡು ಗಂಟೆ ದಾಟಿದ ಮೇಲೆ ಗಂಡಸರು ಎದ್ದರು. ಬಿಳಿಯ ಹೊದಿಕೆ ಹಾಸಿ ಹೆಂಗಸರು ತಟ್ಟೆ ತೊಳೆಯಲು ಹೋದಾಗ ಕೋರಾ ಕಸ್ಟರ್ಡಿನ ಬಟ್ಟಲಿಗೆ ಕೈ ಹಾಕಿದಳು.

"ಇದನ್ನ ಒರತೆ ಗೂಡಲ್ಲಿ ಇಟ್ಟಿರ್ತೀನಿ ಅತ್ತೆ. ಹಾಲು ಮೊಟ್ಟೆದು, ಈ ಸೆಕೆಗೆ ನಿಲ್ಲಲ್ಲ. ಮಕ್ಕಳ ಹೊತ್ತಿಗೆ ತರ್ತೀನಿ."

"ಇಡು ಕೆಳಗೆ! ಅಯ್ಯನವ್ರು ಆಮೇಲೆ ಕಾಫಿ ಜೊತೆ ಇನ್ನೊಂದು ಚಮಚ ಕೇಳಿದ್ರೆ? ಮೇಜಿಂದ ಬಟ್ಟಲು ಎತ್ಕೊಂಡು ಓಡೋದನ್ನ ಎಟ್ಟಾ ನೋಡಿದ್ರೆ ಇಡೀ ಕೊಳ್ಳಕ್ಕೆ ಡಂಗುರ ಹೊಡೀತಾಳೆ." ಎಟ್ಟಾ ಲವೀನಿಯಾಳ ಸ್ವಂತ ತಂಗಿ, ಅಕ್ಕನಿಗೆ ಅವಳ ನಾಲಗೆ ಗೊತ್ತಿತ್ತು.

ಕೋರಾ ಬಟ್ಟಲನ್ನು ಇಟ್ಟಳು. ಹಿತ್ತಲಲ್ಲಿ ರೂತಿ ಅಳುವುದು ಕೇಳಿಸುತ್ತಿತ್ತು. ಸ್ವಲ್ಪ ಹೊತ್ತಿಗೆ ಲವೀನಿಯಾ ಹೊರಗೆ ಬಂದರೆ ಸೊಸೆ ಸೊಂಟಕ್ಕೆ ಕಟ್ಟಿದ ಅಡಿಗೆಯ ಬಟ್ಟೆಯಡಿ ಎರಡು ಬನ್ನು ಬಚ್ಚಿಟ್ಟುಕೊಂಡು ಹಿಂಬಾಗಿಲು ದಾಟುತ್ತಿದ್ದಳು. ಲವೀನಿಯಾ ಕೈ ಚಾಚಿದಳು. ಅಂಗಳದಲ್ಲಿ ಹೆಂಗಸರೆಲ್ಲ ನೋಡುತ್ತಿದ್ದರು. ಕೋರಾ ಕಿವಿಯವರೆಗೂ ಕೆಂಪಾಗಿ ಎರಡೂ ಬನ್ನುಗಳನ್ನು ಅತ್ತೆಯ ಕೈಗೆ ಹಾಕಿದಳು. ಲವೀನಿಯಾ ಅವನ್ನು ಒಯ್ದು ಮತ್ತೆ ಮೇಜಿನ ಮೇಲೆ, ಹೊದಿಕೆಯಡಿ ಇಟ್ಟಳು.

ಎರಡೂವರೆಗೆ ಹೆಂಗಸರು ಕೂತರು. ಅವರು ಏಳುವಷ್ಟರಲ್ಲಿ ಗಂಡಸರಿಗೆ ಕಾಫಿ ಬೇಕಾಯಿತು. ಪಾದ್ರಿಗಳು ಕೇಕಿಗಾಗಿ ಮತ್ತೆ ಕೂತರು, ಅವರ ಜೊತೆ ಇನ್ನೂ ಐದಾರು ಮಂದಿ ಕೂತರು. ಮಕ್ಕಳ ಪಂಕ್ತಿ ಕೂತದ್ದು ನಾಲ್ಕೂಕಾಲಿಗೆ. ಅಷ್ಟು ಹೊತ್ತಿಗೆ ಕೋಳಿ ಮುಗಿದು ಮೂಳೆಯ ತುಂಡುಗಳು ಉಳಿದಿದ್ದವು. ಕಸ್ಟರ್ಡ್ ಮಾತ್ರ ಒಂದೂವರೆ ಬಟ್ಟಲು ಹಾಗೇ ಇತ್ತು. ಹಸಿದ ಮಕ್ಕಳು ಅದನ್ನೇ ಬಾಚಿ ಬಾಚಿ ತಿಂದವು. ರೂತಿ ಅಜ್ಜಿಯ ತೊಡೆಯ ಮೇಲೆ ಕೂತು ತಿಂದಳು. ಚಮಚ ಹಿಡಿದದ್ದು ಅಜ್ಜಿಯೇ.

ಆರೂವರೆಗೆ ಶುರುವಾಯಿತು. ಮೊದಲು ಹೋಬರ್ಟನ ಮೊಮ್ಮಗ, ಆಮೇಲೆ ಐಡಾ, ಆಮೇಲೆ ಒಂದರ ಹಿಂದೆ ಒಂದು. ಮನೆಗೆ ಹೊರಟಿದ್ದ ಗಾಡಿಗಳಲ್ಲಿ, ದಾರಿಯಲ್ಲಿ, ಬೇಲಿಯ ಮಗ್ಗುಲಲ್ಲಿ ಮಕ್ಕಳು ಬಗ್ಗಿ ಬಗ್ಗಿ ವಾಂತಿ ಮಾಡಿಕೊಂಡವು. ಹನ್ನೊಂದಕ್ಕೆ ಹನ್ನೊಂದೂ. ಆರ್ಲಿಸ್ ಹೇಸರಗತ್ತೆ ಹತ್ತಿ ಪಟ್ಟಣಕ್ಕೆ ಹೋದ; ಡಾಕ್ಟರು ಬೇರೆ ಕಡೆ ಹೆರಿಗೆಗೆ ಹೋಗಿದ್ದರು. ಅವರು ಬಂದದ್ದು ಮಾರನೆಯ ಬೆಳಗ್ಗೆ ಎಂಟೂವರೆಗೆ. ಬೇರೆ ಮಕ್ಕಳು ಅಷ್ಟರಲ್ಲಿ ಸುಸ್ತಾಗಿ ಮಲಗಿದ್ದವು. ರೂತಿಯ ಕಣ್ಣು ಗುಳಿಬಿದ್ದು, ತುಟಿ ಒಣಗಿ, ನಾಡಿ ಸಿಗದಂತಾಗಿತ್ತು. ಡಾಕ್ಟರ್ ಓಗಲ್ ತಮಗೆ ತಿಳಿದದ್ದನ್ನೆಲ್ಲ ಮಾಡಿದರು. ಹತ್ತು ಗಂಟೆ ದಾಟಿ ಸ್ವಲ್ಪ ಹೊತ್ತಿಗೆ, ತಾಯಿಯ ಮಡಿಲಲ್ಲೇ, ಮಗು ಹೋಯಿತು.

ಡಾಕ್ಟರು ಜಗುಲಿಗೆ ಬಂದು ಕೈ ತೊಳೆದುಕೊಂಡರು. ನೀರು ಹಾಕಿದವಳು ಲವೀನಿಯಾ. ಒಳಗಿನಿಂದ ಕೋರಾಳ ದನಿ ಬರುತ್ತಿರಲಿಲ್ಲ. ಅವಳು ಅತ್ತಿದ್ದರೆ ಒಳ್ಳೆಯದಿತ್ತೆಂದು ಲವೀನಿಯಾಳಿಗೆ ಅನಿಸಿತು.

"ನಿನ್ನೆ ಊಟ ಎಷ್ಟು ಗಂಟೆಗೆ ಶುರುವಾಯ್ತಮ್ಮ?"

"ಒಂದು ಗಂಟೆಗೆ. ಗಂಡಸರು."

"ಅವರು ಕಸ್ಟರ್ಡ್ ತಿಂದ್ರಾ?"

"ಎಲ್ಲರೂ ತಿಂದ್ರು. ನನ್ನ ಮೈದುನ ಎರಡು ಸಲ ಹಾಕಿಸ್ಕೊಂಡ."

"ಅವರಲ್ಲಿ ಯಾರಿಗಾದ್ರೂ ಹೊಟ್ಟೆ ಕೆಟ್ಟಿತಾ?"

"ಇಲ್ಲ."

"ಹೆಂಗಸರು?"

"ಎರಡೂವರೆಗೆ. ನನ್ನ ತಂಗಿಗೆ ಸ್ವಲ್ಪ ಹೊಟ್ಟೆ ನುಲೀತು ಅಂದ್ಲು. ಇನ್ನೊಬ್ಬಳಿಗೂ ಅಷ್ಟೆ."

"ಮಕ್ಕಳು?"

ಲವೀನಿಯಾ ನೀರಿನ ತಂಬಿಗೆಯನ್ನು ಕೆಳಗಿಟ್ಟಳು. "ನಾಲ್ಕೂಕಾಲಿಗೆ."

"ಅಲ್ಲೀವರೆಗೆ ಬಟ್ಟಲು ಎಲ್ಲಿತ್ತು?"

"ಮೇಜಿನ ಮೇಲೆ."

ಡಾಕ್ಟರು ಟವೆಲು ಮಡಿಸಿ ಅವಳ ಕೈಗೆ ಕೊಟ್ಟರು. ಕೂಗಾಡುವ ಮನುಷ್ಯರಲ್ಲ ಅವರು. "ಅಡಿಗೆ ಚೆನ್ನಾಗೇ ಇತ್ತಮ್ಮ. ಮಾಡಿದೋರ ತಪ್ಪಲ್ಲ. ಒಂದು ಗಂಟೆಗೆ ಅದು ಊಟ, ನಾಲ್ಕು ಗಂಟೆಗೆ ವಿಷ. ಬೆಳೆದ ಗಂಡಸರು ಒಳ್ಳೇದನ್ನ ತಿಂದು ಎದ್ರು, ವಿಷಾನ ಮಕ್ಕಳಿಗೆ ಉಳಿಸಿದ್ರು. ಈ ಬೆಟ್ಟದಲ್ಲಿ ಪ್ರತಿ ಬೇಸಿಗೇಲೂ ಇದನ್ನ ನೋಡ್ತೀನಿ. ಇದನ್ನ ನಿಮ್ಮೋರಿಗೆ ನೀವೇ ಹೇಳ್ಬೇಕು. ನಾನು ಹೇಳಿದ್ರೆ ಪಟ್ಟಣದೋನ ಉಪದೇಶ ಅಂತಾರೆ."

ಹೇಳುತ್ತೇನೆ ಎಂದು ಲವೀನಿಯಾ ತಲೆಯಾಡಿಸಿದಳು. ಹೇಳಲಿಲ್ಲ.

ಮಗುವನ್ನು ಗುಡ್ಡದ ಮೇಲೆ ಅಜ್ಜನ ಪಕ್ಕ ಮಣ್ಣು ಮಾಡಿದರು. ಟಿಪ್ಟನ್ ಪಾದ್ರಿಗಳು ಕೊಟ್ಟವನೂ ಅವನೇ, ತೆಗೆದುಕೊಂಡವನೂ ಅವನೇ ಎಂದು ಕಣ್ಣೀರು ಹಾಕಿದರು. ಅವರ ದುಃಖ ಸುಳ್ಳಾಗಿರಲಿಲ್ಲ. ಆದರೆ ದೇವರ ತಲೆಗೆ ಕಟ್ಟಿದ ಮಾತ್ರಕ್ಕೆ ಜನಕ್ಕೆ ಸಮಾಧಾನವಾಗುತ್ತದೆಯೆ? ಮಕ್ಕಳೆಲ್ಲ ಕಸ್ಟರ್ಡ್ ತಿಂದಿದ್ದವು, ಕಸ್ಟರ್ಡ್ ಮಾಡಿದವಳು ಕೋರಾ. ವಾರ ಕಳೆಯುವುದರೊಳಗೆ ಎಟ್ಟಾ ಅದನ್ನು ಮನೆಮನೆಗೆ ಮುಟ್ಟಿಸಿದ್ದಳು. "ಪಟ್ಟಣದೋಳು. ಮೊಟ್ಟೆ ಒಳ್ಳೇದೋ ಕೆಟ್ಟದ್ದೋ ಅವಳಿಗೇನು ಗೊತ್ತಾಗತ್ತೆ? ಅಂಗಡೀಲಿ ಕೊಂಡು ತಿಂದೋಳು. ಹೆತ್ತ ತಾಯೀನೇ ಹೀಗೆ ಮಾಡ್ಕೊಂಡ್ರೆ ಯಾರಿಗೆ ಹೇಳೋಣ, ಪಾಪ." ಅಕ್ಕನ ಮುಂದೆಯೂ ಅಂದಳು. ಅಕ್ಕ ಹೊಲಿಯುತ್ತಿದ್ದ ಬಟ್ಟೆಯಿಂದ ತಲೆ ಎತ್ತಲಿಲ್ಲ.

ಏಕೆ ಸುಮ್ಮನಿದ್ದಳು? ಮೂವತ್ತೊಂದು ವರ್ಷದ ಹೆಸರು. ಸತ್ಯ ಹೇಳಿದರೆ ತನ್ನ ಮೇಜು ತನ್ನ ಮೊಮ್ಮಗಳನ್ನು ಕೊಂದಿತು ಎಂದೇ ಹೇಳಬೇಕಿತ್ತು. ಅದನ್ನು ತನ್ನಷ್ಟಕ್ಕೆ ಅಂದುಕೊಳ್ಳಲೂ ಅವಳಿಗೆ ಧೈರ್ಯವಿರಲಿಲ್ಲ. ಹೇಡಿತನ ಎನ್ನದೆ ಇದಕ್ಕೆ ಬೇರೆ ಹೆಸರು ನನಗೆ ತಿಳಿಯದು.

ಸುಗ್ಗಿಯ ಹೊತ್ತಿಗೆ ಒಂದು ದಿನ ಕೋರಾ ಹೊಳೆ ದಾಟಿ ಬಂದಳು. ಇಳಿದುಹೋಗಿದ್ದಳು. ಕೂರು ಎಂದರೂ ಕೂರಲಿಲ್ಲ.

"ಬಟ್ಟಲು ಒಯ್ತೀನಿ ಅಂತ ನಾನು ಕೇಳಿದ್ದು ನಿಮಗೆ ಗೊತ್ತು, ನನಗೆ ಗೊತ್ತು. ಇನ್ಯಾರಿಗೂ ಗೊತ್ತಿಲ್ಲ. ನಾನು ಹೇಳಿದ್ರೆ ಅತ್ತೆ ಮೇಲೆ ಹಾಕ್ತಿದ್ದಾಳೆ ಅಂತಾರೆ. ನೀವು ಒಂದು ಮಾತು ಹೇಳಿ."

"ಹೇಳಿದ್ರೆ ರೂತಿ ಎದ್ದು ಬರ್ತಾಳಾ?" ಎಂದಳು ಲವೀನಿಯಾ. ಆಡಿದ ಮೇಲೆ ಅವಳಿಗೇ ನಾಲಗೆ ಸುಟ್ಟಂತಾಯಿತು.

ಕೋರಾ ಅತ್ತೆಯನ್ನೇ ನೋಡಿದಳು. "ರೂತಿಗೋಸ್ಕರ ಕೇಳ್ತಾ ಇಲ್ಲ. ಐಡಾಗೆ ಶಾಲೇಲಿ ಹುಡುಗ್ರು ಏನಂತಾರೆ ಗೊತ್ತಾ? ನಿಮ್ಮಮ್ಮ ಮಾಡಿದ್ದು ತಿನ್ಬೇಡ, ಸಾಯ್ತೀಯಾ ಅಂತಾರೆ" ಎಂದು ಹೇಳಿ ಬಂದ ದಾರಿಯಲ್ಲೇ ಹೊರಟುಹೋದಳು.

ಅದಾದ ಮೇಲೆ ಆ ಮನೆಗೂ ಈ ಮನೆಗೂ ನಡುವೆ ಆರ್ಲಿಸ್ ಒಬ್ಬನೇ ಓಡಾಡಿದ. ಮತ್ತೆ ಜೂನ್ ಬಂತು. ಹೂವಿಡುವ ಭಾನುವಾರಕ್ಕೆ ಐದು ದಿನ ಮುಂಚೆ ಲವೀನಿಯಾ ತಾನೇ ಹೊಳೆ ದಾಟಿ ಮಗನ ಮನೆಗೆ ಹೋದಳು. ಊಟಕ್ಕೆ ಕೈ ನೆರವು ಕೇಳಲು ಎಂದು ನೆಪ, ಮೊಮ್ಮಗಳನ್ನು ನೋಡುವ ಆಸೆ. ಮಧ್ಯಾಹ್ನದ ಹೊತ್ತು. ಅವರು ಉಣ್ಣಲು ಕೂತಿದ್ದರು.

ಮೇಜಿನ ಮೇಲೆ ಹುರುಳಿಕಾಯಿ, ಮೆಕ್ಕೆಜೋಳದ ರೊಟ್ಟಿ, ಮಜ್ಜಿಗೆ. ಆರ್ಲಿಸ್ ತಿನ್ನುತ್ತಿದ್ದ. ಹತ್ತು ವರ್ಷದ ಐಡಾ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಅಪ್ಪನ ಬಾಯಿಯನ್ನೇ ನೋಡುತ್ತಿದ್ದಳು. ಅವನು ಅಗಿಯುವುದನ್ನು, ನುಂಗುವುದನ್ನು, ಗಂಟಲು ಮೇಲೆ ಕೆಳಗೆ ಹೋಗುವುದನ್ನು ನೋಡಿದಳು. ಆಮೇಲೆ ಗೋಡೆಯ ಗಡಿಯಾರ ನೋಡಿದಳು.

"ನೋಡು ಐಡಾ, ನಾನು ತಿಂದೆ. ಏನೂ ಆಗಲಿಲ್ಲ" ಎಂದ ಆರ್ಲಿಸ್, ದಿನಾ ಹೇಳಿ ಅಭ್ಯಾಸವಾದವನ ದನಿಯಲ್ಲಿ.

"ಇನ್ನೂ ಸ್ವಲ್ಪ ಹೊತ್ತು ಅಪ್ಪಾ."

ಕೋರಾ ಒಲೆಯ ಕಡೆ ತಿರುಗಿ ನಿಂತಿದ್ದಳು. ಅವಳ ಬೆನ್ನು ಮಾತ್ರ ಕಾಣುತ್ತಿತ್ತು. "ದಿನಾಗಲೂ ಹೀಗೇ" ಎಂದಳು, ಅತ್ತೆಗೆ ಹೇಳಿದಳೋ ಒಲೆಗೆ ಹೇಳಿದಳೋ. "ಅವಳು ತಿನ್ನೋ ಹೊತ್ತಿಗೆ ತಣ್ಣಗಾಗಿರತ್ತೆ."

ಲವೀನಿಯಾ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ತನ್ನ ತಾಯಿ ಬೇಯಿಸಿದ ಅನ್ನಕ್ಕೆ ಹೆದರುವ ಮಗುವನ್ನು ಅವಳು ಅರವತ್ತು ವರ್ಷದಲ್ಲಿ ಕಂಡಿರಲಿಲ್ಲ. ತಾನು ಮುಚ್ಚಿಕೊಂಡ ಬಾಯಿ ಒಂದು ವರ್ಷದಿಂದ ಇಲ್ಲಿ ಈ ಕೆಲಸ ಮಾಡುತ್ತಿತ್ತು. ಒಬ್ಬಳನ್ನು ಮಣ್ಣಿಗೆ ಕೊಟ್ಟದ್ದು ಸಾಲದೆ ಇನ್ನೊಬ್ಬಳನ್ನು ದಿನಕ್ಕೆ ಮೂರು ಹೊತ್ತು ಸಾಯಿಸುತ್ತಿದ್ದೇನೆ ಎಂದು ಅವಳಿಗೆ ಆಗ ಅರ್ಥವಾಯಿತು. ನೆರವು ಕೇಳುವುದನ್ನು ಮರೆತಳು. "ಭಾನುವಾರ ಬನ್ನಿ. ಐಡಾನ ಕರ್ಕೊಂಡು ಬನ್ನಿ, ಮರೀಬೇಡಿ" ಎಂದಷ್ಟೇ ಹೇಳಿ ಹೊರಟಳು.

ಭಾನುವಾರ ಗುಡ್ಡದ ಮೇಲೆ ಒಂದು ಕಲ್ಲು ಹೆಚ್ಚಿತ್ತು. ಕೋರಾ ಅದರ ಮುಂದೆ ಮಂಡಿಯೂರಿ ಕೂತಳು. ಪ್ರಸಂಗ ಮುಗಿಯುವವರೆಗೂ ಏಳಲಿಲ್ಲ. ಹೆಂಗಸರು ಸ್ವಲ್ಪ ದೂರದಲ್ಲಿ ಸುತ್ತಿಕೊಂಡು ಹೋದರು. ಲವೀನಿಯಾ ಮಾತ್ರ ಪ್ರಸಂಗದ ನಡುವೆಯೇ ಎದ್ದು ಮನೆಗೆ ಇಳಿದಿದ್ದಳು.

ಟಿಪ್ಟನ್ ಪಾದ್ರಿಗಳು ಬೆವರು ಒರೆಸಿಕೊಳ್ಳುತ್ತ ಊಟದ ಕೋಣೆಗೆ ಬಂದರು. ಮೇಜಿನ ಮೇಲೆ ಎಲ್ಲ ಎಂದಿನಂತೆ ತುಂಬಿತ್ತು. ಅವರು ಯಾವಾಗಲೂ ತಾವು ಕೂರುವ ಮೊದಲ ಕುರ್ಚಿಯನ್ನು ಎಳೆಯಲು ಹೋದರು. ಕುರ್ಚಿ ಬರಲಿಲ್ಲ. ಅದರ ಬೆನ್ನನ್ನು ಲವೀನಿಯಾ ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು.

"ಅಯ್ಯನವರೇ, ಇವತ್ತು ನೀವು ಕಾಯ್ಬೇಕು. ಮೊದಲ ಪಂಕ್ತಿ ಮಕ್ಕಳದ್ದು."

ಪಾದ್ರಿಗಳು ನಕ್ಕರು, ತಮಾಷೆಯೆಂದುಕೊಂಡರು. ಅವಳು ನಗದಿದ್ದುದನ್ನು ಕಂಡು ಅವರ ನಗೆಯೂ ನಿಂತಿತು. "ಲವೀನಿಯಕ್ಕ, ಮೈಯಲ್ಲಿ ಹುಷಾರಿಲ್ವಾ?"

"ಹುಷಾರಾಗಿದ್ದೀನಿ. ಹೋದ್ ವರ್ಷ ಇರ್ಲಿಲ್ಲ."

"ಏನತ್ತಿಗೆ ಇದು?" ಹಿಂದಿನಿಂದ ಹೋಬರ್ಟ್ ಬಂದ. "ಮೂತಿ ತೊಳೀದೇ ಇರೋ ಮಕ್ಕಳು ಮೇಜಿಗೆ, ದೇವರ ಸೇವಕ ಅಂಗಳಕ್ಕೆ? ಮುಂದಿನ ವರ್ಷ ನಾಯಿಗಳಿಗೂ ಕುರ್ಚಿ ಹಾಕ್ತೀರಾ? ನಮ್ಮಣ್ಣ ಇದ್ದಿದ್ರೆ ಈ ಮನೇಲಿ ಇಂಥದ್ದು ನಡೀತಿತ್ತಾ?"

"ನಿಮ್ಮಣ್ಣ ಇದ್ದಿದ್ರೆ ಅವರಿಗೂ ಇದನ್ನೇ ಹೇಳ್ತಿದ್ದೆ. ಹೋಬರ್ಟ್, ಹೋದ್ ವರ್ಷ ಇದೇ ಜಾಗದಲ್ಲಿ ಕೂತು ಕೋರಾಳ ಕಸ್ಟರ್ಡ್ ಎಷ್ಟು ಸಲ ಹಾಕಿಸ್ಕೊಂಡೆ?"

ಹೋಬರ್ಟ್ ಸುತ್ತ ನೋಡಿದ. ಜನ ಬಾಗಿಲಲ್ಲಿ, ಕಿಟಕಿಯಲ್ಲಿ ಕೂಡಿಕೊಂಡಿದ್ದರು. "ಅದ್ಯಾಕೀಗ?"

"ಎರಡು ಸಲ. ನಾನೇ ಬಡಿಸಿದ್ದು. ನಿನಗೇನಾಯ್ತು? ಏನೂ ಆಗ್ಲಿಲ್ಲ. ಇಲ್ಲಿರೋ ಗಂಡಸರು ಎಲ್ಲರೂ ತಿಂದ್ರಿ. ಯಾರಿಗಾದ್ರೂ ಏನಾದ್ರೂ ಆಯ್ತಾ? ಕೆಟ್ಟ ಮೊಟ್ಟೆ ಆಗಿದ್ರೆ ಮೊದ್ಲು ನೀವು ಮಲಗ್ಬೇಕಿತ್ತು." ಅವಳು ಬಾಗಿಲಲ್ಲಿದ್ದವರ ಕಡೆ ತಿರುಗಿದಳು. "ಆ ಕಸ್ಟರ್ಡ್ ಒಳ್ಳೇದಿತ್ತು. ನೀವು ಉಂಡು, ಕಥೆ ಹೇಳಿ, ಕಾಫಿ ಕುಡಿದು, ಮತ್ತೆ ಉಣ್ಣೋವರೆಗೆ ಮೂರು ಗಂಟೆ ಈ ಸೆಕೇಲಿ ಮೇಜಿನ ಮೇಲೆ ಕೂತು ಕೆಟ್ಟಿತು. ಡಾಕ್ಟರು ಅವತ್ತೇ ನನಗೆ ಹೇಳಿದ್ರು. ಒಂದು ವರ್ಷ ನಾನು ಅದನ್ನ ನುಂಗ್ಕೊಂಡಿದ್ದೆ."

"ಅಕ್ಕಾ, ಸಾಕು ಬಿಡೇ, ಎಲ್ಲರ ಮುಂದೆ..." ಎಂದು ಎಟ್ಟಾ ತೋಳು ಹಿಡಿಯಲು ಬಂದಳು.

"ನೀನು ಎಲ್ಲರ ಮುಂದೆನೇ ತಾನೇ ಹೇಳಿದ್ದು? ನಾನೂ ಎಲ್ಲರ ಮುಂದೆ ಹೇಳ್ತೀನಿ. ಬಟ್ಟಲನ್ನ ತಣ್ಣಗೆ ಇಟ್ಟಿರ್ತೀನಿ ಅಂತ ಕೋರಾ ನನ್ನ ಕೇಳಿದ್ಲು. ಬೇಡ ಅಂದೋಳು ನಾನು. ಮಕ್ಕಳಿಗೆ ಮೊದ್ಲು ಹಾಕೋಣ ಅಂದ್ಲು. ಬೇಡ ಅಂದೋಳು ನಾನು. ಮಗು ಅಳ್ತಿದೆ ಅಂತ ಎರಡು ಬನ್ನು ಎತ್ಕೊಂಡ್ಲು. ಕಿತ್ಕೊಂಡೋಳು ನಾನು. ರೂತಿ ಬಾಯಿಗೆ ಚಮಚ ಇಟ್ಟೋಳೂ ನಾನೇ. ಅವಳಮ್ಮ ಅಲ್ಲ."

ಲವೀನಿಯಾ ಕಣ್ಣು ಒರೆಸಿಕೊಳ್ಳಲು ಕೈ ಎತ್ತಲಿಲ್ಲ. ಎತ್ತಿದರೆ ಕುರ್ಚಿ ಬಿಡಬೇಕಾಗುತ್ತಿತ್ತು.

"ಬಂದೋರ ಮುಂದೆ ಮರ್ಯಾದೆ ಹೋಗಬಾರ್ದು ಅಂತ ಮಾಡ್ದೆ. ನಿಮ್ಮಲ್ಲಿ ಒಬ್ಬರೂ ಮಕ್ಕಳನ್ನ ಹಸಿವಲ್ಲಿ ಇಡು ಅಂತ ನನಗೆ ಹೇಳಿರ್ಲಿಲ್ಲ ಅಯ್ಯನವರೇ. ಆದ್ರೆ ಒಬ್ಬರೂ ಎದ್ದು, ಮಕ್ಕಳು ಉಂಡ್ವಾ ಅಂತ ಕೇಳ್ಲೂ ಇಲ್ಲ."

ಟಿಪ್ಟನ್ ಪಾದ್ರಿಗಳ ಮುಖ ಕೆಂಪಾಗಿತ್ತು. ಹೋಬರ್ಟ್ ಟೋಪಿ ತಲೆಗೇರಿಸಿ, "ನಡೀರೋ, ಇಲ್ಲಿ ನಮಗೆ ಊಟ ಇಲ್ಲ" ಎಂದು ತನ್ನ ಮನೆಯವರನ್ನೆಲ್ಲ ಹೊರಡಿಸಿದ. ಗಾಡಿ ಹೂಡುವ ಸದ್ದು ಕೇಳಿಸಿತು. ಅವನ ಹಿಂದೆ ಇನ್ನೆರಡು ಮನೆಯವರು ಹೋದರು. ಪಾದ್ರಿಗಳು ಬಾಗಿಲ ಕಡೆ ನೋಡಿದರು, ಮೇಜಿನ ಕಡೆ ನೋಡಿದರು. ಕಡೆಗೆ ಕುರ್ಚಿಯಿಂದ ಒಂದು ಹೆಜ್ಜೆ ಹಿಂದೆ ಸರಿದರು.

"ನಾನು ಕೇಳ್ಬೇಕಿತ್ತು" ಎಂದರು. ಆಮೇಲೆ, "ಮಕ್ಕಳನ್ನ ಕರೀರಿ."

ಮಕ್ಕಳು ಬಂದವು. ಹೊರಟುಹೋದ ಮನೆಗಳ ಮಕ್ಕಳನ್ನು ಬಿಟ್ಟು ಉಳಿದದ್ದು ಏಳು. ಒಳಗೆ ಬಂದು ಗೋಡೆಗೆ ಒತ್ತಿಕೊಂಡು ನಿಂತವು. ಈ ಹೊತ್ತಿನಲ್ಲಿ ಆ ಕೋಣೆಗೆ ಕಾಲಿಟ್ಟ ಅಭ್ಯಾಸ ಅವುಗಳಿಗಿರಲಿಲ್ಲ. ಲವೀನಿಯಾ ಒಬ್ಬೊಬ್ಬರನ್ನೇ ಎತ್ತಿ ಕೂರಿಸಿದಳು. ಪಾದ್ರಿಗಳು ನಿಂತುಕೊಂಡೇ ಪ್ರಾರ್ಥನೆ ಹೇಳಿದರು. ಅವರು ಅಷ್ಟು ಚಿಕ್ಕ ಪ್ರಾರ್ಥನೆ ಹೇಳಿದ್ದನ್ನು ಕೊಳ್ಳದಲ್ಲಿ ಯಾರೂ ಕೇಳಿರಲಿಲ್ಲ. ಮುಗಿಸಿ ಹೊರಗೆ ಹೋಗಿ ಜಗುಲಿಯ ಮೆಟ್ಟಿಲ ಮೇಲೆ, ಉಳಿದ ಗಂಡಸರ ಜೊತೆ ಕಾದು ಕೂತರು.

ಐಡಾ ಮೇಜಿನ ತುದಿಯಲ್ಲಿ ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅಜ್ಜಿ ಅವಳ ತಟ್ಟೆಗೆ ಕೋಳಿಯ ಎದೆಯ ತುಂಡು ಇಟ್ಟಳು. ಅವಳು ಅದನ್ನು ನೋಡಲಿಲ್ಲ. ಬಾಗಿಲಲ್ಲಿ ನಿಂತಿದ್ದ ತಾಯಿಯ ಕಡೆ ತಿರುಗಿದಳು.

"ಅಮ್ಮಾ, ನೀನು ಏನಾದ್ರೂ ತಂದಿದ್ದೀಯಾ?"

ಕೋರಾ ತಂದಿದ್ದಳು. ಬರಿಗೈಯಲ್ಲಿ ಊಟದ ಮನೆಗೆ ಬರುವುದು ಬೇಡವೆಂದು ಮೆಕ್ಕೆಜೋಳದ ರೊಟ್ಟಿ ಮಾಡಿ ಬಟ್ಟೆಯಲ್ಲಿ ಕಟ್ಟಿ ತಂದಿದ್ದಳು. ಯಾರೂ ಮುಟ್ಟುವುದಿಲ್ಲವೆಂದು ತಿಳಿದು ಜಗುಲಿಯ ಬೆಂಚಿನ ಕೆಳಗೆ ಇಟ್ಟಿದ್ದಳು. ಹೋಗಿ ತಂದಳು. ಗಂಟು ಬಿಗಿದುಕೊಂಡಿತ್ತು. ಲವೀನಿಯಾ ನೆರವಾಗಲು ಮುಂದೆ ಬಂದವಳು ಅಲ್ಲೇ ನಿಂತಳು. ಕೋರಾ ತಾನೇ ಬಿಚ್ಚಿದಳು, ತಾನೇ ಮುರಿದಳು, ಮಗಳ ತಟ್ಟೆಗೆ ಹಾಕಿದಳು. ಅತ್ತೆಯ ಮುಖ ನೋಡಲಿಲ್ಲ. ಆವತ್ತು ನೋಡಲಿಲ್ಲ, ಆಮೇಲೂ ಬಹಳ ದಿನ ನೋಡಲಿಲ್ಲ.

ಆರ್ಲಿಸ್ ಕಿಟಕಿಯ ಹೊರಗಿನಿಂದ, "ನಾನು ಮೊದ್ಲು ತಿನ್ಲಾ ಮಗಳೇ?" ಎಂದು ಕೇಳಿದ.

"ಬೇಡಪ್ಪಾ" ಎಂದಳು ಐಡಾ. ರೊಟ್ಟಿಯನ್ನು ಎರಡು ಕೈಯಲ್ಲಿ ಹಿಡಿದು ಕಚ್ಚಿದಳು. ಅಗಿದಳು, ನುಂಗಿದಳು, ಗಡಿಯಾರ ನೋಡಲಿಲ್ಲ. ಮುಗಿಸಿ ಇನ್ನೊಂದು ತುಂಡು ಕೇಳಿದಳು.